ಕಿಂಡಿಯ ಗೋಣಿ

ಮದ್ದೂರಿನಿಂದ ಒಂದು ಹರದಾರಿ ದೂರದಲ್ಲಿದ್ದ ನನ್ನ ಗಂಡನ ಮನೆ ಮಣ್ಣಿನ ಗೋಡೆಯದು, ನಾಡಹೆಂಚಿನದು. ಅದನ್ನು ಕಟ್ಟಿಸಿದವರು ಯಾರೆಂದು ಮಾವನವರಿಗೂ ಗೊತ್ತಿರಲಿಲ್ಲ. ಮಾಗಿ ಬಂತೆಂದರೆ ಹೊಳೆ ಕಡೆಯ ಗಾಳಿ ಹೆಂಚಿನ ಸಂದಿಯಲ್ಲೆಲ್ಲ ನುಗ್ಗುತ್ತಿತ್ತು. ಇಡೀ ಮನೆಯಲ್ಲಿ ಬೆಚ್ಚಗಿದ್ದದ್ದು ಒಂದೇ ಕೋಣೆ. ಅದರ ಗೋಡೆಯಾಚೆಗೇ ಬಚ್ಚಲು. ಹಂಡೆ ಒಲೆಗೆ ಕಬ್ಬಿನ ಸೋಗೆ ತುರುಕಿ ಎರಡು ಹೊತ್ತೂ ಉರಿ ಹಾಕಿದರೆ ಗೋಡೆ ಕಾದು ಬೆಳಗಿನವರೆಗೂ ಬಿಸಿ ಹಿಡಿದಿರುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಆ ಕೋಣೆ ನಮ್ಮದು, ನನ್ನದೂ ನನ್ನ ಗಂಡನದೂ. ಆ ಗೋಡೆಗೆ ಬೆನ್ನು ಕೊಟ್ಟು ಮಲಗುವ ಸುಖವನ್ನು ನಾನಾಗಿ ಯಾರಿಗೂ ಬಿಟ್ಟುಕೊಡುವವಳಲ್ಲ.

ಬಿಟ್ಟುಕೊಡಬೇಕಾಗಿ ಬಂತು. ಯುದ್ಧದ ಕಾಲ ಅದು, ಬಟ್ಟೆಗೂ ಸೀಮೆಎಣ್ಣೆಗೂ ತತ್ವಾರ. ನನ್ನ ನಾದಿನಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳ ಮದುವೆಯಾಗಿ ಒಂದು ವರ್ಷ, ನನ್ನದಾಗಿ ಮೂರು. ನನಗಿನ್ನೂ ಮಕ್ಕಳಿರಲಿಲ್ಲ.

"ಬಾಣಂತಿ ಬೆಚ್ಚಗಿರ್ಬೇಕು ಕಣಮ್ಮಿ. ನೀವು ಪಡಸಾಲೇಲಿ ಮನಿಕ್ಕಳಿ" ಅಂದರು ಅತ್ತೆ.

ಆಮೇಲೆ ಸೊಂಟಕ್ಕೆ ಸೆರಗು ಬಿಗಿದು ನಿಂತರು. ಮಣ್ಣಿಗೆ ಸಗಣಿ ಕಲಸಿ ಗೋಡೆಯ ಬಿರುಕುಗಳಿಗೆಲ್ಲ ಮೆತ್ತಿದರು. ಹಿತ್ತಲ ಕಡೆಗಿದ್ದ ಕಿಂಡಿಗೆ ಗೋಣಿಚೀಲವನ್ನು ಸುರುಳಿ ಸುತ್ತಿ ಹೊರಗಿನಿಂದ ತುರುಕಿ, ಒಳಗೆ ಅದರ ಮುಂದೆ ಒಂದು ಹಳೇ ಸೀರೆ ಇಳಿಬಿಟ್ಟರು. ನಾನು ಅದೇ ಕೋಣೆಯಲ್ಲಿ ಮೂರು ಮಾಗಿ ಕಳೆದಿದ್ದೆ. ಆ ಕಿಂಡಿಗೊಂದು ಚಿಂದಿ ತುರುಕಬೇಕೆಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಗಂಡು ಮಗು ಹುಟ್ಟಿತು. ನಿನಗೆ ಚಳಿಯೇ ಅಂತ ನನ್ನನ್ನು ಒಂದು ದಿನವೂ ಕೇಳದಿದ್ದ ನನ್ನ ಗಂಡ ದಿನಕ್ಕೆರಡು ಸಲ ಬಾಗಿಲಲ್ಲಿ ನಿಂತು ತಂಗಿಯ ಅಗ್ಗಿಷ್ಟಿಕೆಯಲ್ಲಿ ಕೆಂಡ ಇದೆಯೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು. ಕೆಂಡ ತುಂಬಿಸುವವಳು ನಾನು. ನನಗೆ ಹೊಟ್ಟೆಕಿಚ್ಚು ಬಂತು. ಈ ವಯಸ್ಸಿನಲ್ಲಿ ಅದಕ್ಕೆ ಬೇರೆ ಹೆಸರು ಹುಡುಕಲಾರೆ.

ಹಿತ್ತಲಲ್ಲಿ ನನ್ನದು ಅಂತ ಇದ್ದದ್ದು ಒಂದು ಎಲೆಬಳ್ಳಿ. ಮಳವಳ್ಳಿ ಕಡೆಯ ನನ್ನ ತವರಿನಿಂದ ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿ ತಂದು ನುಗ್ಗೆಮರದ ಬುಡಕ್ಕೆ ನೆಟ್ಟದ್ದು. ಅದನ್ನು ಸಾಕುವುದು ಹೇಳಿಕೊಟ್ಟವಳು ಬೇಲಿಯಾಚೆ ಮನೆಯ ಅಕ್ಕ. ಅವಳಿಗೆ ನಲವತ್ತು ದಾಟಿತ್ತು, ಮಕ್ಕಳಾಗಿರಲಿಲ್ಲ. "ಎಲೆಬಳ್ಳೀನ ಮಗೀನಂಗೆ ನೋಡ್ಕೋಬೇಕು ಕಣಮ್ಮಿ. ಬುಡ್ದಲ್ ನೀರು ನಿಲ್ಬಾರ್ದು, ಸುಳೀಗೆ ಚಳಿ ಗಾಳಿ ಬಡೀಬಾರ್ದು" ಅನ್ನುತ್ತಿದ್ದಳು. ಆ ಊರಿನಲ್ಲಿ ನನ್ನ ಹತ್ತಿರ ಮಾತಾಡುತ್ತಿದ್ದವಳು ಅವಳೊಬ್ಬಳೇ.

ಈಗ ಬಾಣಂತಿಗೆ ಊಟವಾದ ಮೇಲೆ ವೀಳ್ಯ ಬೇಕಲ್ಲ. ಅತ್ತೆ ದಿನಾ ಬಂದು ಎಳೆ ಎಲೆ, ಬಲಿತ ಎಲೆ ಎನ್ನದೆ ಕಿತ್ತರು. ಒಂದು ದಿನ ಕುಡಿಯನ್ನೇ ಮುರಿದರು. ನಾನು ನೋಡುತ್ತ ನಿಂತಿದ್ದೆ.

ಹದಿನೈದನೆಯ ದಿನವೋ ಏನೋ, ಅಕ್ಕ ಒಂದು ಕಟ್ಟು ಸಬ್ಬಸಿಗೆ ಸೊಪ್ಪು ಕಿತ್ತುಕೊಂಡು ಮಗು ನೋಡಲು ಬಂದಳು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, "ಎಂಗ್ ಬೆಣ್ಣೆ ಮುದ್ದೆಯಂಗವ್ನೆ" ಅಂದಳು. ದೃಷ್ಟಿ ತಾಗದಿರಲೆಂದು ಥೂ ಥೂ ಅನ್ನುವುದನ್ನು ಮರೆತಳು. ಅವಳ ಮುಖ ನೋಡಿ ನನಗೆ ಇನ್ನಷ್ಟು ಉರಿಯಿತು. ಇವಳೊಬ್ಬಳಾದರೂ ನನ್ನವಳು ಅಂದುಕೊಂಡಿದ್ದೆ, ಇವಳೂ ಆ ಕೋಣೆಯ ಪಾಲಾದಳು.

ಅವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿತ್ತಲಿಗೆ ಹೋದೆ. ಬಳ್ಳಿಯಲ್ಲಿ ಉಳಿದಿದ್ದ ಎರಡು ಸುಳಿಯೂ ಚಳಿಗೆ ಕಪ್ಪಿಟ್ಟಿದ್ದವು. ಬಳ್ಳಿಗೆ ಸುತ್ತೋಣವೆಂದರೆ ಮನೆಯಲ್ಲಿ ಒಂದು ಹರಕು ಗೋಣಿಯೂ ಉಳಿದಿರಲಿಲ್ಲ. ಕಿಂಡಿ ಕೈಗೆಟಕುವಷ್ಟರಲ್ಲೇ ಇತ್ತು. ಅಲ್ಲಿದ್ದ ಗೋಣಿಯನ್ನು ಎಳೆದು ತಂದು ಸುತ್ತಿದೆ. ಬಳ್ಳಿಯನ್ನು ಉಳಿಸಲಿಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ. ಕಿಂಡಿಯ ನೇರಕ್ಕೇ ತೊಟ್ಟಿಲಿದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

ಬೆಳಕು ಹರಿಯುವಾಗ ಹಂಡೆಗೆ ಉರಿ ಹಾಕಲು ಎದ್ದವಳು ಮೊದಲು ಗೋಣಿ ಬಿಚ್ಚಲು ಹೋದೆ. ಬೇಲಿಯಾಚೆ ಅಕ್ಕ ತನ್ನ ಅವರೆ ಗಿಡಗಳಿಗೆ ಬೂದಿ ಎರಚುತ್ತಿದ್ದಳು. ನನ್ನ ಕೈಯಲ್ಲಿದ್ದ ಗೋಣಿ ನೋಡಿದಳು, ಬಾಯಿ ತೆರೆದಿದ್ದ ಕಿಂಡಿ ನೋಡಿದಳು. ಮತ್ತೆ ಬೂದಿಗೆ ಕೈ ಹಾಕಿದಳು. ನಾನು ಗೋಣಿಯನ್ನು ಮತ್ತೆ ಕಿಂಡಿಗೆ ತುರುಕಿದೆ.

ಮಗುವಿನ ಮೂಗು ಕಟ್ಟಿತ್ತು. ಮೊಲೆ ಹಿಡಿಯಲಿಲ್ಲ, ಮಧ್ಯಾಹ್ನಕ್ಕೆ ಮೈ ಕಾದಿತು. ನಾದಿನಿ ಅತ್ತಳು. ಅತ್ತೆ ಕಿಂಡಿ ಕಡೆ ತಿರುಗಿಯೂ ನೋಡಲಿಲ್ಲ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ಘಾಟು ಏಳಲಿಲ್ಲ. ಘಾಟು ಏಳದಿದ್ದರೆ ದೃಷ್ಟಿ ತಗುಲಿದೆ ಎಂದೇ ನಮ್ಮಲ್ಲಿ ಲೆಕ್ಕ. ನಿನ್ನೆ ಮಗುವನ್ನು ಎತ್ತಿದವಳು ಯಾರೆಂದು ಎಲ್ಲರಿಗೂ ಗೊತ್ತಿತ್ತು.

ಸಂಜೆ ಅಕ್ಕ ಮತ್ತೆ ಸಬ್ಬಸಿಗೆ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಅತ್ತೆ ಹೊಸಿಲಿಗೆ ಅಡ್ಡ ನಿಂತರು.

"ನೀನಿನ್ ಈ ಕಡೆ ಬರ್ಬ್ಯಾಡ ಕಣವ್ವ. ಮಕ್ಳಿಲ್ದೋರ್ ಕಣ್ಣು, ಎಳೇ ಮಗ ತಡಿಯಾಕಿಲ್ಲ."

ನಾನು ಅತ್ತೆಯ ಬೆನ್ನ ಹಿಂದೆಯೇ ಇದ್ದೆ, ನಾನೂ ಮಕ್ಕಳಿಲ್ಲದವಳೇ. ಅಕ್ಕ ನನ್ನ ಮುಖವನ್ನೇ ನೋಡಿದಳು. ನಾನು ಬಾಯಿ ಬಿಡಲೆಂದು ಕಾದಳು. ನಾನು ಬಿಡಲಿಲ್ಲ. ಸೊಪ್ಪನ್ನು ಕಲ್ಲಿನ ಮೇಲಿಟ್ಟು ಹೋದಳು. ಅತ್ತೆ ಅದನ್ನು ಹಸುವಿಗೆ ಹಾಕಿಸಿದರು.

ಮಗು ನಾಲ್ಕು ದಿನಕ್ಕೆ ಚೇತರಿಸಿಕೊಂಡಿತು. ಐದನೇ ತಿಂಗಳಿಗೆ ನಾದಿನಿ ಗಂಡನ ಮನೆಗೆ ಹೋದಳು. ಕೋಣೆ ನನಗೆ ವಾಪಸು ಬಂತು, ಬಳ್ಳಿಯೂ ಮಳೆಗೆ ಚಿಗುರಿತು. ಅಕ್ಕ ಮಾತ್ರ ನಾನು ಹಿತ್ತಲಿಗೆ ಬಂದರೆ ಒಳಗೆ ಹೋಗಿಬಿಡುತ್ತಿದ್ದಳು.

ಎರಡು ವರ್ಷ ಕಳೆದ ಮೇಲೆ ತವರಿನಲ್ಲಿ ನನಗೆ ಹೆಣ್ಣು ಮಗುವಾಯಿತು. ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಬಂದಾಗ ಮತ್ತೆ ಮಾಗಿ. ಊರೆಲ್ಲ ಬಂದು ನೋಡಿಕೊಂಡು ಹೋಯಿತು, ಅವಳು ಬರಲಿಲ್ಲ. ಒಂದು ಬೆಳಿಗ್ಗೆ ಅತ್ತೆ ಗದ್ದೆಗೆ ಹೋದಾಗ ನಾನೇ ಮಗುವನ್ನು ಬೇಲಿಯ ಹತ್ತಿರ ಎತ್ತಿಕೊಂಡು ಹೋಗಿ, "ಎತ್ಕೋ ಅಕ್ಕ" ಅಂದೆ.

ಅವಳು ಎರಡು ಕೈಯನ್ನೂ ಸೆರಗಿನೊಳಗೆ ಸೇರಿಸಿಕೊಂಡಳು. ಮಗುವಿನ ಮುಖವನ್ನೂ ನೋಡಲಿಲ್ಲ, ನೆಲ ನೋಡುತ್ತ ಒಂದೇ ಮಾತು ಕೇಳಿದಳು.

"ಕಿಂಡೀಗ್ ಗೋಣಿ ತುರ್ಕಿದ್ದೀಯೇನಮ್ಮಿ?"