ಒಂದೇ ಸಲ ಸಾಣಿಸಿದ ಹಿಟ್ಟು

ಕಳೆದ ವಾರ ಚಿಕ್ಕೋಡಿಯ ಗಿರಣಿಯಲ್ಲಿ ಜೋಳ ಬೀಸಿಸಿಕೊಂಡು ಬಂದೆ. ಮನೆ ಮುಟ್ಟಿದರೂ ಡಬ್ಬಿ ಇನ್ನೂ ಬಿಸಿಯಿತ್ತು. ಮುಚ್ಚಳ ತೆಗೆದೆ ನೋಡಿ, ಬೆಚ್ಚಗಿನ, ತುಸು ಸಿಹಿಯಾದ ಆ ವಾಸನೆ ಮೂಗಿಗೆ ಬಂತು. ಬೇರೆಯವರಿಗೆ ಅದರಿಂದ ಹಸಿವಾಗುತ್ತದೆ. ನನಗೆ ಸಿಟ್ಟು ಬರುತ್ತದೆ. ರಾಯಬಾಗದಲ್ಲಿ ನಮ್ಮ ಮನೆಗೆ ಗೋಡೆ ಹಚ್ಚಿ ಗಿರಣಿ ನಡೆಸುತ್ತಿದ್ದ ಕಾಕಾ ನೆನಪಾಗುತ್ತಾರೆ...

ಓಣಿಗೆ ಒಂದೋ ಎರಡೋ ಮೊಬೈಲು ಇದ್ದ ಕಾಲ. ನಾನು ಪಿಯುಸಿ ಸೈನ್ಸ್ ಓದುತ್ತಿದ್ದೆ. ಕಾಕಾನ ಗಿರಣಿಯ ಬೆಲ್ಟು ತಿರುಗತೊಡಗಿದರೆ ನಮ್ಮ ಅಡುಗೆಮನೆಯ ಬಟ್ಟಲುಗಳು ಸಣ್ಣಗೆ ನಡುಗುತ್ತಿದ್ದವು. ಹೆಂಗಸರು ಡಬ್ಬಿಗಳನ್ನು ಪಾಳಿಗೆ ಇಟ್ಟು ಹೋಗುತ್ತಿದ್ದರು. ಜೋಳ ಮುಂದೆ, ಗೋಧಿ ಹಿಂದೆ, ಸಜ್ಜೆ ಕೊನೆಗೆ, ಒಂದರ ಹಿಟ್ಟು ಇನ್ನೊಂದಕ್ಕೆ ಬೆರೆಯಬಾರದೆಂದು. ಇದು ಎಲ್ಲ ಗಿರಣಿಗಳಲ್ಲೂ ಇರುವುದೇ. ಆದರೆ ಯಾವ ಗಿರಣಿಯವರೂ ಹಿಟ್ಟನ್ನು ಜರಡಿಯಲ್ಲಿ ಸಾಣಿಸಿ ಕೊಡುವುದಿಲ್ಲ, ಅದು ಮನೆಯವರ ಕೆಲಸ. ನಮ್ಮ ಕಾಕಾ ಸಾಣಿಸಿ ಕೊಡುತ್ತಿದ್ದರು. ಒಂದು ಸಲವಲ್ಲ, ಹತ್ತು ಸಲ, ಹನ್ನೆರಡು ಸಲ.

ಬೀಸುವ ಕಲ್ಲಿನ ಚೂರು ಹಿಟ್ಟಿನಲ್ಲಿ ಬಿದ್ದಿದ್ದರೆ? ಅದು ಯಾರದೋ ಕೂಸಿನ ಹೊಟ್ಟೆಗೆ ಹೋದರೆ? ಈ ಒಂದೇ ವಿಚಾರ ಅವರ ತಲೆಯಲ್ಲಿ ಬೆಲ್ಟಿಗಿಂತ ಜೋರಾಗಿ ತಿರುಗುತ್ತಿತ್ತು. ಕೊಟ್ಟು ಕಳಿಸಿದ ಮೇಲೂ ಸಮಾಧಾನವಿಲ್ಲ, ಸೈಕಲ್ ಹತ್ತಿ ಗಿರಾಕಿಯ ಮನೆಗೆ ಹೋಗಿ ಹಿಟ್ಟು ವಾಪಸ್ ಕೇಳುವರು. ಒಮ್ಮೆ ಅವ್ವ ರೊಟ್ಟಿ ಬಡಿಯುತ್ತಿದ್ದಾಗ ಬಂದು, ಕಲಸಿದ ಹಿಟ್ಟನ್ನೂ ಬೇಡಿ ಒಯ್ದಿದ್ದರು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಗೊತ್ತಾಯಿತು, ತಮ್ಮ ಗಿರಣಿಯ ಹಿಟ್ಟಿನ ರೊಟ್ಟಿಯನ್ನು ಅವರು ಎಷ್ಟೋ ವರ್ಷಗಳಿಂದ ಮುಟ್ಟಿರಲಿಲ್ಲ, ಬರೀ ಅನ್ನ ಉಣ್ಣುತ್ತಿದ್ದರು.

ಊರಿಗೆ ಇದೆಲ್ಲ ಗುಣವಾಗಿ ಕಂಡಿತು. ಎಂಥಾ ಸ್ವಚ್ಛ ಮನುಷ್ಯ, ಎಂಥಾ ಕಾಳಜಿ! ಮನೆಯಲ್ಲಿ ಸಾಣಿಸುವ ಕೆಲಸ ತಪ್ಪಿತಲ್ಲ, ಹೊಗಳಲು ಏನು ಕಷ್ಟ? ನಿದ್ದೆಗೆಟ್ಟು ಅವರ ಕಣ್ಣು ಕೆಂಪಾಗಿರುವುದು ಕಂಡದ್ದು ಅವರ ಹೆಂಡತಿ ಕಾಕುಗೆ ಮಾತ್ರ. ಆಕೆಯೇ ಒಂದು ದಿನ ಹಟ ಹಿಡಿದು ಅವರನ್ನು ರೈಲಿನಲ್ಲಿ ಮಿರಜಕ್ಕೆ, ಮನಸ್ಸಿನ ಡಾಕ್ಟರ ಹತ್ತಿರ ಕರೆದೊಯ್ದರು. ಇದು ಕಾಳಜಿಯಲ್ಲ, ಕಾಯಿಲೆ, ಗುಳಿಗೆಯಿಂದ ಹತೋಟಿಗೆ ಬರುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದರು.

ಮರುದಿನ ಕಾಕಾ ಗುಳಿಗೆಯ ಡಬ್ಬಿಯೊಳಗಿನ ಇಂಗ್ಲಿಷ್ ಚೀಟಿ ಹಿಡಿದು ನನ್ನ ಹತ್ತಿರ ಬಂದರು. ಒಂದು ಅಕ್ಷರವನ್ನೂ ಬಿಡದೆ ಓದು ಎಂದರು. ನನಗೋ ಇಂಗ್ಲಿಷ್ ಬರುತ್ತದೆಂಬ ಜಂಬ. ಹೊಟ್ಟೆ ತೊಳಸುವುದು, ತಲೆ ತಿರುಗುವುದು, ನಿದ್ದೆ ಬರುವುದು, ನಿದ್ದೆ ಹಾರುವುದು, ಯಂತ್ರದ ಹತ್ತಿರ ಎಚ್ಚರ... ಎಲ್ಲವೂ ಎಲ್ಲರಿಗೂ ಆಗುವುದಿಲ್ಲ ಎಂದು ಹೇಳುವಷ್ಟು ಬುದ್ಧಿ ನನಗಿರಲಿಲ್ಲ. ಅವರು ಮತ್ತೆ ಓದಿಸಿದರು, ಮತ್ತೆ ಮತ್ತೆ ಓದಿಸಿದರು. ಕೊನೆಗೆ ಚೀಟಿ ಮಡಚಿ ಕೇಳಿದರು: "ಬೆಲ್ಟಿನ ಬಾಜೂಕ ನಿಂತಾಗ ನಿದ್ದಿ ಹತ್ತಿದ್ರ? ನನ್ನ ಕೈ ಹೋದ್ರ ಹೋಗ್ಲಿ ಮಗಳ, ರಕ್ತ ಹಿಟ್ಟಿನಾಗ ಬಿದ್ರ ಏನ್ ಮಾಡ್ಲಿ?"

ಗುಳಿಗೆಯ ಡಬ್ಬಿ ದೇವರ ಗೂಡಿನಲ್ಲಿ ಹಾಗೇ ಕುಳಿತಿತು. ಸುದ್ದಿ ಓಣಿಗೆಲ್ಲ ಹಬ್ಬಿ ಸಲಹೆ ಕೊಡುವವರು ಸಾಲುಗಟ್ಟಿದರು. ಆ ಗುಳಿಗೆ ಒಮ್ಮೆ ಶುರುವಾದರೆ ಚಟವಾಗುತ್ತದಂತೆ. ಹೇಳಿದವರು ಯಾರು? ಎದ್ದ ಕೂಡಲೇ ನಿಪ್ಪಾಣಿ ತಂಬಾಕು ದವಡೆಗೆ ಇಟ್ಟುಕೊಳ್ಳುವ ಗಂಡಸರು! ಚಹಾದ ಜೊತೆ ಬಿ.ಪಿ. ಗುಳಿಗೆ ನುಂಗುವವರೊಬ್ಬರು, ಜೀವನಪೂರ್ತಿ ಗುಳಿಗೆ ನುಂಗುತ್ತಾ ಬದುಕುವುದೂ ಒಂದು ಬದುಕೇ? ಎಂದರು. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ಕಾಕು ಬಗ್ಗಲಿಲ್ಲ. ಮತ್ತೆ ಮಿರಜಕ್ಕೆ ಕರೆದೊಯ್ದು ಕಾಕಾನ ಅನುಮಾನಗಳನ್ನೆಲ್ಲ ಡಾಕ್ಟರ ಮುಂದಿಟ್ಟರು. ಮೊದಲ ಎರಡು ವಾರ ಚಡಪಡಿಕೆ ಹೆಚ್ಚಾಗಬಹುದು, ಅಲ್ಲಿಯವರೆಗೆ ಯಂತ್ರದಿಂದ ದೂರ ಇರಿ, ಏನಾದರೂ ಅನ್ನಿಸಿದರೆ ಬನ್ನಿ, ನೀವಾಗಿಯೇ ಗುಳಿಗೆ ಮಾತ್ರ ಬಿಡಬೇಡಿ, ಎಂದರಂತೆ. ಹದಿನೈದು ದಿನ ಕಾಕುವೇ ಸೀರೆ ಸೆರಗು ಸಿಕ್ಕಿಸಿ ಗಿರಣಿ ನಡೆಸಿದರು. ಕಾಕಾ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕುಳಿತು, ಚಡಪಡಿಸುತ್ತಲೇ, ದಿನಕ್ಕೊಂದು ಗುಳಿಗೆ ನುಂಗಿದರು. ಅದಕ್ಕೆ ಎಷ್ಟು ಧೈರ್ಯ ಬೇಕಾಯಿತೆಂದು ನಮಗ್ಯಾರಿಗೂ ಹೊಳೆಯಲಿಲ್ಲ.

ತಿಂಗಳು ಕಳೆದಿರಬೇಕು... ನಾನು ಹಿಟ್ಟು ತರಲು ಹೋದಾಗ ಅವರು ನಗುತ್ತಿದ್ದರು.

"ಇವತ್ತ ಒಂದ ಸಲ ಸಾಣಿಸಿದ್ನಿ ಮಗಳ. ಒಂದ ಸಲ. ಆಮ್ಯಾಲ ಹಿಟ್ಟಿನ ವಾಸನಿ ಬಂತು. ಇದಕ್ಕ ಇಷ್ಟ ಚಂದ ವಾಸನಿ ಐತಿ ಅನ್ನೂದ ಮರತ ಬಿಟ್ಟಿದ್ನಿ."

ಅಂದು ಅವರು ರೊಟ್ಟಿ ಉಂಡರೆಂದು ಕಾಕು ಗೋಡೆಯಾಚೆಯಿಂದಲೇ ಅವ್ವನಿಗೆ ಕೂಗಿ ಹೇಳಿದರು.

ಊರು ಇದನ್ನು ಸಹಿಸಲಿಲ್ಲ. ಮೊದಲಿನಂತೆ ಸಾಣಿಸುವುದಿಲ್ಲ, ಮನೆಗೆ ಬಂದು ಕೇಳುವುದಿಲ್ಲ, ಗುಳಿಗೆ ತಿಂದು ಮನುಷ್ಯ ಬೇಫಿಕೀರ್ ಆದ ಎಂದು ಮಾತಾಯಿತು. ಹುಚ್ಚಿನ ಗುಳಿಗೆ ನುಂಗುವವನ ಕೈಯ ಹಿಟ್ಟು ಮಕ್ಕಳಿಗೆ ಹೇಗೆ ಕೊಡುವುದು ಎಂದೂ ಅಂದರು. ರೋಗ ಇದ್ದಾಗ ಸ್ವಚ್ಛ ಮನುಷ್ಯ, ಗುಣವಾಗತೊಡಗಿದರೆ ಹುಚ್ಚ! ಪಾಳಿಯಲ್ಲಿ ಡಬ್ಬಿಗಳು ಕಡಿಮೆಯಾದವು.

ಬೇರೆಯವರನ್ನೇ ಬೈದರೆ ನನ್ನ ಪಾಲು ತೀರುವುದಿಲ್ಲ. ಒಂದು ದಿನ ನಮ್ಮ ಹಿಟ್ಟಿನಲ್ಲಿ ಗೋಣಿಯ ಎಳೆಯೊಂದು ಸಿಕ್ಕಿತು. ಜೋಳ ತುಂಬಿಟ್ಟಿದ್ದ ನಮ್ಮ ಚೀಲದ್ದೇ ಎಳೆ. ಅವ್ವ ಅದನ್ನು ನನ್ನ ಅಂಗೈಗೆ ಹಾಕಿ ಕಳಿಸಿದಳು. ನಾನೂ ಹೋದೆ, ಎಳೆ ತೋರಿಸಿದೆ, ಹೇಳಿದೆ: "ಕಾಕಾ, ಮೊದಲಿನಂಗ ಸಾಣಿಸಿ ಕೊಡ್ರಿ ಅಂತ ಅವ್ವ ಹೇಳ್ಯಾಳ."

ಅವರು ಆ ಎಳೆಯನ್ನು ನನ್ನ ಅಂಗೈಯಿಂದ ಎತ್ತಿ ಬೆಳಕಿಗೆ ಹಿಡಿದರು. "ಹೂಂ ಮಗಳ, ಕೊಡ್ತೀನಿ," ಎಂದರು. ಅಂದಿನಿಂದ ಗುಳಿಗೆ ಬಿಟ್ಟರು. ಯಾರನ್ನೂ ಕೇಳದೆ, ಒಮ್ಮೆಲೇ. ಕಾಕು ಅತ್ತರು, ಬೈದರು, ಉಪವಾಸ ಕುಳಿತರು. ಕಾಕಾ ಮತ್ತೆ ಮಿರಜದ ಗಾಡಿ ಹತ್ತಲಿಲ್ಲ. ತಿಂಗಳೊಳಗೆ ಸೈಕಲ್ ಹೊರಗೆ ಬಂತು. ಈಗ ಹನ್ನೆರಡಲ್ಲ, ಇಪ್ಪತ್ತು ಸಲ ಸಾಣಿಸುತ್ತಿದ್ದರು. ಕಾಕಾ ಮೊದಲಿನಂತಾದರು ಎಂದು ಊರು ಖುಷಿಪಟ್ಟಿತು, ಪಾಳಿ ಮತ್ತೆ ಬೆಳೆಯಿತು. ಅವರು ಮತ್ತೆ ಅನ್ನಕ್ಕೆ ತಿರುಗಿದರು.

ಏಳೆಂಟು ವರ್ಷದ ಮೇಲೆ, ನಾನು ಮದುವೆಯಾಗಿ ಚಿಕ್ಕೋಡಿಗೆ ಬಂದ ನಂತರ, ಅವರು ಹೃದಯಾಘಾತದಿಂದ ತೀರಿಕೊಂಡರು. ಕಾಕುವನ್ನು ಮಾತಾಡಿಸಿ ಬರಲು ಅವ್ವನೊಡನೆ ಹೋಗಿದ್ದೆ. ಅಂಥ ಸ್ವಚ್ಛ ಹಿಟ್ಟು ಇನ್ನು ಸಿಗುವುದಿಲ್ಲ ಎಂದು ಅವ್ವ ಕಣ್ಣೊರೆಸಿಕೊಂಡಳು. ಕಾಕು ನನ್ನ ಮುಖ ನೋಡಿದರು. ನಾನು ಎದ್ದು ಹೊರಗೆ ಬಂದೆ.

ಕಳೆದ ವಾರದ ಹಿಟ್ಟನ್ನು ನಾನು ಒಂದೇ ಸಲ ಸಾಣಿಸಿ ಕಲಸಿದೆ. ರೊಟ್ಟಿ ಬಡಿಯುವಾಗ ಮನೆಯೆಲ್ಲ ಅದೇ ವಾಸನೆ. ಜೀವಮಾನವಿಡೀ ಹಿಟ್ಟಿನ ನಡುವೆ ನಿಂತ ಆ ಮನುಷ್ಯನಿಗೆ ಇದು ಸಿಕ್ಕಿದ್ದು ಕೆಲವೇ ವಾರ. ಅದನ್ನೂ ನಾವು ಉಳಿಸಲಿಲ್ಲ. ಗೋಣಿಯ ಎಳೆ ಹಿಡಿದು ಹೋದವಳು ನಾನು.