ಅಣ್ಣ ಓಡಿಸಿದ ಡೀಸೆಲ್ ಎಂಜಿನ್ನುಗಳನ್ನು ಹುಡುಕಿ

ಜನವರಿಯ ಒಂದು ಬೆಳಗ್ಗೆ ಅಣ್ಣನೂ ನಾನೂ ಕಂಟೋನ್ಮೆಂಟ್ ಸ್ಟೇಷನ್ನಿಗೆ ಬಂದೆವು. ಹೋಗಬೇಕಾಗಿದ್ದುದು ಕೆ.ಆರ್. ಪುರಂವರೆಗೆ ಮಾತ್ರ. ಇದನ್ನು ಪ್ರವಾಸವೆಂದರೆ ನಗುವವರಿದ್ದಾರೆ. ಆದರೂ ಬುತ್ತಿಗೆ ಚಪಾತಿ, ಪಲ್ಯ ಕಟ್ಟಿಕೊಂಡು, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡೇ ಹೊರಟಿದ್ದೆವು.

ವಿಮೆ ಕಚೇರಿಯಿಂದ ನಿವೃತ್ತಳಾದ ಮೇಲೆ ನನಗೆ ಹತ್ತಿಕೊಂಡ ಹುಚ್ಚು ಕ್ಯಾಮೆರಾ. ಹಳಿಗಳ ಮೇಲೆ ವಿದ್ಯುತ್ ತಂತಿ ಬಂದು ಹಳೇ ಡೀಸೆಲ್ ಎಂಜಿನ್ನುಗಳು ಒಂದೊಂದಾಗಿ ಗುಜರಿಗೆ ಹೋಗುತ್ತಿವೆ. ಸಿಗ್ನಲ್ ಕ್ಯಾಬಿನ್ನುಗಳಿಗೂ ಅದೇ ಗತಿ. ಉಳಿದವುಗಳ ಚಿತ್ರ ತೆಗೆದಿಡಬೇಕೆಂದು ನನ್ನ ಆಸೆ. ಅಣ್ಣ ಗೋಪಾಲ ಅಂಥ ಎಂಜಿನ್ನುಗಳನ್ನೇ ಓಡಿಸಿ ನಿವೃತ್ತನಾದವನು. ಅವನ ಕೈಕೆಳಗೆ ಅಸಿಸ್ಟೆಂಟ್ ಆಗಿದ್ದ ಅನ್ವರ್ ಈಗ ಕೆ.ಆರ್. ಪುರಂನ ಡೀಸೆಲ್ ಶೆಡ್ಡಿನಲ್ಲಿ ಸೂಪರ್‌ವೈಸರ್. ಒಳಗೆ ಹೋಗಲು ಅನುಮತಿ ಕೊಡಿಸಿದವರು ಅವರೇ. ಅಣ್ಣ ಮಾತ್ರ ಎರಡು ಸಲ ಬರುವುದಿಲ್ಲವೆಂದಿದ್ದ. ಮೂರನೆಯ ಸಲ, ಏಕೋ, ಒಪ್ಪಿಕೊಂಡ.

ದಾರಿಯಲ್ಲಿ ಬೆಂಗಳೂರು ಈಸ್ಟ್‌ನಲ್ಲಿಳಿದು ಹಳೇ ಸಿಗ್ನಲ್ ಕ್ಯಾಬಿನ್ನೊಂದನ್ನು ನೋಡುವುದಿತ್ತು. ಪ್ಯಾಸೆಂಜರ್ ಗಾಡಿ ಆವತ್ತು ಅಲ್ಲಿ ನಿಲ್ಲುವುದಿಲ್ಲವೆಂದು ಕೌಂಟರಿನಲ್ಲಿ ತಿಳಿಯಿತು. ಹೊರಗೆ ಬಂದು ಆಟೋ ಹಿಡಿದೆವು. ಕಾಕ್ಸ್‌ಟೌನಿನ ಬೇಕರಿಯೊಂದರ ಮುಂದೆ ಇಳಿದು ಖಾರಾ ಬನ್ ತಿಂದೆವು. ಪಕ್ಕದಲ್ಲಿ ಹಳೇ ಬಂಗಲೆಯೊಂದನ್ನು ಕೆಡವಿ ಫ್ಲಾಟು ಕಟ್ಟುತ್ತಿದ್ದರು. ಇಟ್ಟಿಗೆ ಹೊರುತ್ತಿದ್ದ ಹೆಂಗಸರು ತಮ್ಮತಮ್ಮಲ್ಲಿ ಕಲಬುರಗಿ ಕಡೆಯ ಮಾತಾಡಿಕೊಳ್ಳುತ್ತಿದ್ದರು. ಅಣ್ಣ ಅರ್ಧ ಬನ್ನನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟು, “ನಡಿ, ಹೋಗೋಣ” ಎಂದ.

ನಾನು ಹುಡುಕಿಕೊಂಡು ಬಂದಿದ್ದ ಕ್ಯಾಬಿನ್ನು ಹಳಿಯ ಪಕ್ಕದಲ್ಲಿ, ಹೊಂಗೆ ಮರದ ಮರೆಯಲ್ಲಿತ್ತು. ಕೆಳಗೆ ಇಟ್ಟಿಗೆಯ ಕೋಣೆ, ಮೇಲೆ ಸುತ್ತಲೂ ಗಾಜಿನ ಕಿಟಕಿಯ ಅಟ್ಟ, ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ಒಂದು ಕಾಲಕ್ಕೆ ಆ ಅಟ್ಟದ ಮೇಲೆ ನಿಂತೇ ಸನ್ನೆಕೋಲು ಎಳೆದು ಸಿಗ್ನಲ್ ಬೀಳಿಸುತ್ತಿದ್ದರು. ಈಗ ಗಾಜೆಲ್ಲ ಒಡೆದು ಪಾರಿವಾಳಗಳು ಸೇರಿಕೊಂಡಿದ್ದವು. ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಚಿತ್ರಕ್ಕೆ ಒಳ್ಳೆಯ ಬೆಳಕು. ನಾನು ಬೇಲಿಯ ಈಚೆಯಿಂದಲೇ ತೆಗೆಯತೊಡಗಿದೆ.

ತಿರುಗಿ ನೋಡಿದರೆ ಅಣ್ಣ ಬೇಲಿಯ ಕಂಬ ಹಿಡಿದು ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು.

“ಯಾಕಣ್ಣ, ಸುಸ್ತಾಯ್ತಾ?”

“ಆ ಮೆಟ್ಟಿಲ ಮೇಲೆ ಒಂದ್ಸಲ ಕೂತಿದ್ದೆ ವಿಮ್ಲಾ” ಎಂದ. ತಾನಾಗಿಯೇ ಮುಂದುವರಿಸಿದ. “ಗೂಡ್ಸ್ ತಗೊಂಡು ಬರ್ತಿದ್ದೆ. ಆ ಎಂಜಿನ್‌ಗಳಲ್ಲಿ ನಾವು ಕೂರೋ ಕೋಣೆ ಒಂದು ತುದೀಲಿ. ಅವತ್ತು ಉದ್ದನೆ ಮೂತಿ ಮುಂದಿತ್ತು, ನಾವು ಹಿಂದೆ. ಎಡಗಡೆ ನಾನು, ಬಲಗಡೆ ಅನ್ವರ್. ಆ ಹೆಂಗಸು ಬಲಗಡೆಯಿಂದ ಹಳಿ ದಾಟಕ್ಕೆ ಬಂದ್ಲು. ನಂಗೆ ಎಂಜಿನ್ ಮೈ ಅಡ್ಡ. ಅನ್ವರ್ ಕೂಗ್ದ, ನಾನು ಬ್ರೇಕ್ ಹಾಕ್ದೆ. ಗೂಡ್ಸು ಹಂಗೆಲ್ಲ ನಿಲ್ಲುತ್ತಾ?”

ಇಷ್ಟು ವರ್ಷಗಳಲ್ಲಿ ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಆ ದಿನಗಳಲ್ಲಿ ವಿಮಾನಪುರದ ನಮ್ಮಪ್ಪನ ಕ್ವಾರ್ಟರ್ಸಿಗೆ ಬಂದು ವಾರವಿಡೀ ಮಲಗಿದ್ದನ್ನು ನಾವೆಲ್ಲ ಜ್ವರವೆಂದೇ ತಿಳಿದಿದ್ದೆವು.

“ಕ್ಯಾಬಿನ್ನಿನವರು ನನ್ನ ಕರ್ಕೊಂಡು ಬಂದು ಅಲ್ಲಿ ಕೂರಿಸಿದ್ರು. ಆಮೇಲೆ ಅವಳ ಗಂಡ ಬಂದ. ಗಾರೆ ಕೆಲಸದವನು. ಅವನನ್ನೂ ಅಲ್ಲೇ ಕೂರಿಸಿದ್ರು, ನನ್ನ ಪಕ್ಕದಲ್ಲೇ. ನಾನು ಯಾರು ಅಂತ ಅವನಿಗೆ ಗೊತ್ತಿತ್ತು. ಬೈತಾನೆ, ಹೊಡೀತಾನೆ ಅಂತ ಕಾಯ್ತಾ ಇದ್ದೆ. ಅವನು ಕೇಳಿದ್ದು ಒಂದೇ. ‘ಸಾಹೇಬ್ರ, ಆಕಿ ಒದರಿದ್ಲೇನ್ರಿ?’ ಅಂದ. ಇಲ್ಲಪ್ಪ ಅಂದೆ. ಆ ಸದ್ದಲ್ಲಿ ನಂಗೇನು ಕೇಳ್ಸಿರುತ್ತೆ? ಆದ್ರೂ ಇಲ್ಲ ಅಂದೆ. ‘ಹಂಗಾದ್ರ ಛಲೋ ಆತು’ ಅಂದ. ಅವನಿಗೆ ಕೊಟ್ಟಿದ್ದ ಚೊಂಬಲ್ಲಿ ಅರ್ಧ ನೀರು ಕುಡಿದು, ಉಳಿದಿದ್ದನ್ನ ನಂಗೆ ಕೊಟ್ಟ.”

“ಕುಡಿದ್ಯಾ?”

“ಕುಡಿದೆ.”

ಕ್ಯಾಮೆರಾ ನನ್ನ ಕೊರಳಲ್ಲಿ ಭಾರವಾಗಿ ತೂಗುತ್ತಿತ್ತು. ಚೀಲಕ್ಕೆ ಹಾಕಲು ಹೋದೆ. “ತಗೋ, ತಗೋ. ಅದಕ್ಕೇ ತಾನೇ ಬಂದಿರೋದು” ಎಂದ. ಮೆಟ್ಟಿಲಿನ ಒಂದು ಚಿತ್ರ ತೆಗೆದೆ.

ವಾಪಸು ಮನೆಗೆ ಹೋಗೋಣವೆಂದು ನಾನೇ ಹೇಳಿದೆ. ಅವನು ಕೇಳಲಿಲ್ಲ. ಬಾಣಸವಾಡಿ ರಸ್ತೆಗೆ ನಡೆದು ಬಸ್ಸು ಹತ್ತಿದೆವು. ಟಿನ್ ಫ್ಯಾಕ್ಟರಿಯ ಹತ್ತಿರ ಎಂದಿನ ಜಾಮು. ಬಿಸಿಲೇರಿ ಬಸ್ಸು ಕಾಯತೊಡಗಿತ್ತು. ದಾರಿಯುದ್ದಕ್ಕೂ ಅಣ್ಣ ಮುಂದಿನ ರಸ್ತೆಯನ್ನೇ ನೋಡುತ್ತಿದ್ದ.

ಕೆ.ಆರ್. ಪುರಂನಲ್ಲಿ ಅನ್ವರ್ ಗೇಟಿಗೇ ಬಂದು ಕಾಯುತ್ತಿದ್ದರು. ನೆರೆತ ಗಡ್ಡ, ಎಣ್ಣೆ ಮೆತ್ತಿದ ಶೂ. “ಬನ್ನಿ ಸಾರ್, ಬನ್ನಿ ಅಕ್ಕ” ಎಂದು ಶೆಡ್ಡಿನ ಹಿಂದಿನ ಹಳಿಗೆ ಕರೆದೊಯ್ದರು. ಅಲ್ಲಿ ಗುಜರಿಗೆ ಹೋಗಲಿದ್ದ ಮೂರು ಎಂಜಿನ್ನುಗಳು ಒಂದರ ಹಿಂದೊಂದು ನಿಂತಿದ್ದವು. ಬಣ್ಣ ಉದುರಿ ತುಕ್ಕು ಕಾಣುತ್ತಿತ್ತು. ಒಂದರ ದೀಪದ ಗೂಡಿನಿಂದ ಹುಲ್ಲಿನ ಎಳೆಗಳು ಇಳಿಬಿದ್ದಿದ್ದವು. ಗುಬ್ಬಿಯೋ ಮೈನಾವೋ ಗೂಡು ಕಟ್ಟಿರಬೇಕು.

ಅಣ್ಣ ಮೊದಲನೆಯದರ ಮೈಮೇಲೆ ಅಂಗೈಯಿಟ್ಟು ನಿಂತ. ಅನ್ವರ್ ನನ್ನನ್ನು ಮೇಲೆ ಹತ್ತಿಸಿ ಎಡಗಡೆಯ ಸೀಟಿನಲ್ಲಿ ಕೂರಿಸಿದರು. ಮುಂದೆ ನೋಡಿದೆ. ಕಿಟಕಿಯ ತುಂಬ ಎಂಜಿನ್ನಿನ ಉದ್ದನೆಯ ಮೈ. ಎಡಕ್ಕೆ ಬಗ್ಗಿದರೆ ಒಂದು ಪಟ್ಟಿಯಷ್ಟು ಹಳಿ, ಒಂದು ಪಟ್ಟಿಯಷ್ಟು ಆಕಾಶ. ಬಲಗಡೆ ಏನೂ ಇಲ್ಲ, ಬರೀ ಕಬ್ಬಿಣ. ಹೀಗೇ ಕೂತು ಅವನು ಊರೂರು ದಾಟಿದ್ದ.

ಕೆಳಗಿನಿಂದ ಅಣ್ಣನ ದನಿ ಕೇಳಿತು. “ಅನ್ವರ್, ಒಂದ್ಮಾತು ಕೇಳ್ತೀನಿ. ಅವತ್ತು ನಾನು ಬ್ರೇಕ್ ಹಾಕಿದ್ದು ತಡ ಆಯ್ತಾ?”

ಯಾವತ್ತೆಂದು ಅನ್ವರ್ ಕೇಳಲಿಲ್ಲ. ಬಾಗಿಲ ಸರಳು ಹಿಡಿದುಕೊಂಡು ನಿಧಾನವಾಗಿ ಇಳಿದರು.

“ಇಲ್ಲ ಸಾರ್. ನಾನು ಕೂಗಿದ ತಕ್ಷಣ ಹಾಕಿದ್ರಿ. ತಡ ಆಗಿದ್ದು ನಂದು ಅಂತ ನಾನು… ಒಂದು ಕ್ಷಣ ಮುಂಚೆ ನೋಡಿದ್ರೆ… ನೀವು ಅದನ್ನೇ ಮನಸ್ಸಲ್ಲಿಟ್ಕೊಂಡು ಆಮೇಲೆ ನನ್ನ ಹತ್ರ ಅದರ ಮಾತೇ ಎತ್ತಲ್ಲ ಅಂದ್ಕೊಂಡಿದ್ದೆ.”

“ಅಯ್ಯೋ, ಇಲ್ಲ ಕಣೋ!” ಅಣ್ಣನ ದನಿ ಒಡೆಯಿತು. “ನೀನು ಸರಿಯಾಗೇ ಕೂಗ್ದೆ. ಅವಳು ಕಾಣ್ಸಿದ್ದೇ ಆಗ ತಾನೇ? ಇನ್ನು ಯಾವಾಗ ಕೂಗ್ತೀಯ?”

ಅನ್ವರ್ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದರು. ಅಣ್ಣ ಹತ್ತಿರ ಹೋಗಿ ಅವರ ತೋಳು ಹಿಡಿದುಕೊಂಡ. ಇಬ್ಬರೂ ಹಾಗೇ ನಿಂತಿದ್ದರು.

ಬುತ್ತಿಯನ್ನು ಮೂವರೂ ಎಂಜಿನ್ನಿನ ನೆರಳಲ್ಲಿ ಕೂತು ತಿಂದೆವು. ಅನ್ವರ್ ತಮ್ಮ ಡಬ್ಬಿಯ ಖುಷ್ಕಾ ಅನ್ನ ಹಂಚಿದರು. ಆ ಹೆಂಗಸಿನ ಹೆಸರು ಇಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಅಣ್ಣನೇ ಹೇಳಿದ. ಮಧ್ಯಾಹ್ನದ ಬಿಸಿಲಲ್ಲಿ ಒಂದಷ್ಟು ಚಿತ್ರ ತೆಗೆದೆ. ಕೊನೆಯದರಲ್ಲಿ ಅಣ್ಣ, ಅನ್ವರ್ ಎಂಜಿನ್ನಿನ ಮುಂದೆ ನಿಂತಿದ್ದಾರೆ. ಇಬ್ಬರ ಮುಖದಲ್ಲೂ ನಗುವಿಲ್ಲ.

ಹಿಂದಿರುಗುವಾಗ ಮೆಟ್ರೋ ಹಿಡಿದೆವು. ಬೈಯಪ್ಪನಹಳ್ಳಿ ದಾಟುವ ಮೊದಲೇ ಅಣ್ಣನ ತಲೆ ನನ್ನ ಭುಜಕ್ಕೆ ಒರಗಿತು. ಓಡುವ ಗಾಡಿಯಲ್ಲಿ ಅವನು ಕಣ್ಣು ಮುಚ್ಚಿದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಬಸ್ಸಾಗಲಿ ರೈಲಾಗಲಿ, ದೃಷ್ಟಿ ಯಾವಾಗಲೂ ಮುಂದಿನ ದಾರಿಯ ಮೇಲೇ ಇರುತ್ತಿತ್ತು. ಈಗ ಬಾಯಿ ತುಸು ತೆರೆದು, ಮಗುವಿನ ಹಾಗೆ ನಿದ್ದೆ ಹೋಗಿದ್ದ.

ನಾವು ಇಳಿಯಬೇಕಾದ ಇಂದಿರಾನಗರ ಬಂತು. ಬಾಗಿಲು ತೆರೆಯಿತು, ಮುಚ್ಚಿತು. ನಾನು ಎಬ್ಬಿಸಲಿಲ್ಲ. ಹಲಸೂರು ಬಂತು, ಟ್ರಿನಿಟಿ ಬಂತು. ಭುಜ ಅಲುಗಿಸದೆ ಕೂತೇ ಇದ್ದೆ.