ಟವೆಲ್ ಹಾಕಿದ ಕುರ್ಚಿ

ಮೊನ್ನೆ ಮುದ್ದೇಬಿಹಾಳಕ್ಕೆ, ಕಾಕಾನ ಕಿರಿಮಗಳು ಸಾವಿತ್ರಿಯ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಪೆಂಡಾಲಿನ ಮುಂದಿನ ಸಾಲಿನಲ್ಲಿ ಒಂದು ಖಾಲಿ ಕುರ್ಚಿ, ಅದರ ಬೆನ್ನಿಗೆ ಬಿಳಿ ಟರ್ಕಿ ಟವೆಲ್. ನೀವೂ ನೋಡಿರುತ್ತೀರಿ. ಅದು ಶಾಸಕರ ಕುರ್ಚಿ. ಜನ ಕಾಲು ನೋಯುವವರೆಗೆ ನಿಂತಾರು, ಅದರಲ್ಲಿ ಮಾತ್ರ ಕೂರುವುದಿಲ್ಲ. ಟವೆಲಿನ ನುಸಿಗುಳಿಗೆಯ ವಾಸನೆ ನನ್ನನ್ನು ಇನ್ನೊಂದು ಪೆಂಡಾಲಿಗೆ ಎಳೆದುಕೊಂಡು ಹೋಯಿತು.

ಚಿಕ್ಕಂದಿನಲ್ಲಿ ನಾನು ಶಾಸಕರ ಕೆಲಸವೆಂದರೆ ವಧೂವರರ ಮೇಲೆ ಅಕ್ಕಿಕಾಳು ಹಾಕುವುದು ಎಂದೇ ತಿಳಿದಿದ್ದೆ. ಮದುವೆ, ಮಕ್ಕಳ ಜವಳ, ಸತ್ತವರ ಮಣ್ಣು, ಯಾವುದಕ್ಕೆ ತಪ್ಪಿದರೂ ಜನರಿಗೆ ಸಿಟ್ಟು. ದೊಡ್ಡವನಾದ ಮೇಲೆ ಕುತೂಹಲ ಶುರುವಾಯಿತು. ಇಷ್ಟು ಊಟ ಮುಗಿಸಿ ಈ ಮನುಷ್ಯ ವಿಧಾನಸಭೆಗೆ ಹೋಗುವುದು ಯಾವಾಗ? ಹೋದರೂ ನಿದ್ದೆ ತಡೆಯುವುದು ಹೇಗೆ? ಒಂದು ಊಟಕ್ಕೇ ಆಕಳಿಸುವ ನನಗೆ ಇದು ನಿಜವಾದ ಪ್ರಶ್ನೆ.

ಉತ್ತರ ಸಿಕ್ಕಿದ್ದು ಸಾವಿತ್ರಿಯ ಅಕ್ಕನ ಮದುವೆಯಲ್ಲಿ. ತಾಂಬಾದ ಆಚೆಗಿನ ನಮ್ಮೂರಿನಲ್ಲಿ ಆಗ ಕಾಲೇಜಿರಲಿಲ್ಲ. ಹತ್ತನೆಯ ತರಗತಿಯಲ್ಲಿದ್ದ ಸಾವಿತ್ರಿಗೆ ಓದುವ ಹುಚ್ಚು. ಇಂಡಿ ಪಟ್ಟಣದ ಕಾಲೇಜಿಗೆ ಕಳಿಸಲು ಕಾಕಾ ಒಪ್ಪುತ್ತಿರಲಿಲ್ಲ. ಮದುವೆಯ ಹಿಂದಿನ ದಿನ ಆಗಿನ ಶಾಸಕರು ಫೋನ್ ಮಾಡಿದರು.

"ಗೌಡ್ರ, ನಾಳೆ ಬೆಳಗಾವಿ ಅಧಿವೇಶನದಾಗ ನಿಮ್ಮೂರ ಕಾಲೇಜಿನ ಪ್ರಶ್ನಿ ಐತಿ. ನಾ ಅಲ್ಲಿ ಇರಬೇಕ್ರಿ."

"ಕಾಲೇಜು ಮುಂದಿನ ವರ್ಷನೂ ಕೇಳಾಕ ಬರ್ತೈತಿ, ಸಾಹೇಬ್ರ. ಅಕ್ಕಿಕಾಳು ನಾಳೆನ ಬೀಳಬೇಕು," ಎಂದರು ಕಾಕಾ.

ಶಾಸಕರು ಬಂದರು. ಅವರು ಬರುವವರೆಗೆ ಕಾಕಾ ಮುಹೂರ್ತವನ್ನೂ ಎಳೆದರು. ಕಾಕಾನ ಎದೆ ಪೆಂಡಾಲಿನಷ್ಟಗಲ. ಊಟದ ನಡುವೆ ಶಾಸಕರಿಗೆ ಬೆಳಗಾವಿಯಿಂದ ಫೋನ್ ಬಂತು. ಮಾತು ಮುಗಿಸಿ ನಕ್ಕರು: "ನನ್ನ ಹೆಸರು ಕರದ್ರಂತ. ಇಲ್ಲ ಅಂತ ಮುಂದಿನ ಪ್ರಶ್ನಿಗಿ ಹ್ವಾದ್ರಂತ."

ಎಲ್ಲರೂ ನಕ್ಕರು. ಹೋಳಿಗೆಗೆ ತುಪ್ಪ ಬಡಿಸುತ್ತಿದ್ದ ಸಾವಿತ್ರಿ ಮಾತ್ರ ಮಿಳ್ಳಿ ಹಿಡಿದು ಅಲ್ಲೇ ನಿಂತಳು. ಕಾಲೇಜು ಬಂತು, ಅವಳ ಮದುವೆಯೂ ಆಗಿಹೋದ ಮೇಲೆ.

"ಸಾಹೇಬ್ರು ಬೆಳಗಾವಿಯಿಂದ ಹೊಂಟಾರಂತ. ಊಟಕ್ಕ ಸ್ವಲ್ಪ ತಡೀರಿ," ಎಂದು ಸಾವಿತ್ರಿಯ ಗಂಡ ಕೂಗಿದಾಗ ನಾನು ಮತ್ತೆ ಮುದ್ದೇಬಿಹಾಳಕ್ಕೆ ಬಂದೆ. ಶಾಸಕರು ಬೇರೆ, ಟವೆಲ್ ಅದೇ. ಗಂಡನ ಕಿವಿಯಲ್ಲಿ ಇನ್ನೂ ಫೋನಿತ್ತು. ಸಾವಿತ್ರಿ ಕೈ ಒರೆಸಿಕೊಂಡು ಬಂದು ಅದನ್ನು ಇಸಿದುಕೊಂಡಳು.

"ನಮಸ್ಕಾರ್ರಿ ಸಾಹೇಬ್ರ. ಅಧಿವೇಶನ ನಡದೈತೆಲ್ರಿ? ನೀವು ತಿರುಗಿ ಹೋಗ್ರಿ. ನಮಗೇನೂ ಸಿಟ್ಟಿಲ್ಲ. ಹೆಸರು ಕರದಾಗ ಎದ್ದು ನಿಲ್ಲಾಕ ಅಲ್ಲಿ ಯಾರರ ಬೇಕ್ರಿ."

ಗಂಡ ನೆಲ ನೋಡಿದ. ಅವಳು ಟವೆಲ್ ತೆಗೆದು ನನ್ನ ಕೈಗೆ ಕೊಟ್ಟು, ಆ ಕುರ್ಚಿಯಲ್ಲಿ ತಾನೇ ಕುಳಿತಳು.

"ಎಲಿ ಹಾಕ್ರಿ," ಎಂದಳು. "ಹಸಿವಾಗೇತಿ."